ಗ್ರಾಫ್ ಹಾಳೆಯಲ್ಲಿ ಇಳಿದು ಏರಿದ ನಿಲ್ದಾಣ

ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ದಿನದಿನವೂ ಕೆಳಗಿಳಿಯುತ್ತಿರುತ್ತದೆ ಎಂದರೆ ಮಕ್ಕಳು ನಂಬಲಿಲ್ಲ. ಅಳೆದೇ ನೋಡೋಣ ಎಂದೆ.

ಅದಕ್ಕೆ ದುರ್ಬೀನು ಬೇಕಿಲ್ಲ. ಉಪಗ್ರಹಗಳ ಕಕ್ಷೆಯ ವಿವರ ಎರಡು ಸಾಲಿನ ಅಂಕಿಗಳಾಗಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಎರಡನೇ ಸಾಲಿನ ಕೊನೆಯಲ್ಲಿ ದಿನಕ್ಕೆಷ್ಟು ಸುತ್ತು ಎಂಬುದಿರುತ್ತದೆ, ಸುಮಾರು 15.5. ದಶಮಾಂಶದ ಮುಂದಿನ 8 ಅಂಕಿಗಳನ್ನಷ್ಟೇ ಬರೆದುಕೊಳ್ಳಬೇಕು; ಆಮೇಲಿನದು ಸುತ್ತುಗಳ ಒಟ್ಟು ಎಣಿಕೆ, ನಡುವೆ ಜಾಗವನ್ನೂ ಬಿಟ್ಟಿರುವುದಿಲ್ಲ. ಸುತ್ತಿನ ಅವಧಿಯಿಂದ ಕಕ್ಷೆಯ ಗಾತ್ರ ತಿಳಿಸುವ ಕೆಪ್ಲರ್‌ನ ಮೂರನೇ ನಿಯಮ ಹಚ್ಚಿದರೆ 15.5 ಸುತ್ತಿಗೆ ಕಕ್ಷೆಯ ತ್ರಿಜ್ಯ 6,795 ಕಿ.ಮೀ. ಬರುತ್ತದೆ. ಭೂಮಿಯ ತ್ರಿಜ್ಯ 6,378 ಕಳೆದರೆ ಎತ್ತರ 417.

ಈ ಎತ್ತರವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತ ಹೋದೆವು. ಮೊದಲ ವಾರವೇ ಗೆರೆ 7 ಕಿ.ಮೀ. ಮೇಲೆ ಜಿಗಿಯಿತು. ನಿಲ್ದಾಣವನ್ನು ಮೇಲೆತ್ತಲು ಎಂಜಿನ್ ಉರಿಸಿದ್ದಾರೆಂದು ಎಲ್ಲರೂ ಹಿಗ್ಗಿದೆವು. ನೋಡಿದರೆ ಒಂದು ಗುಂಪು ಭೂಮಧ್ಯರೇಖೆಯ ತ್ರಿಜ್ಯ ಹಿಡಿದಿತ್ತು, ಇನ್ನೊಂದು ಸರಾಸರಿ ತ್ರಿಜ್ಯ 6,371 ಹಿಡಿದಿತ್ತು. ಪೂರಾ ಹಾಳೆ ಮತ್ತೆ ಬರೆದೆವು.

ಅಷ್ಟೆತ್ತರದಲ್ಲೂ ತೆಳ್ಳಗೆ ಗಾಳಿಯಿದೆ, ಅದು ತಡೆಯುತ್ತದೆ. ತಿಂಗಳಿಗೆ ಸುಮಾರು 2 ಕಿ.ಮೀ. ಇಳಿತ. ಸೂರ್ಯ ಕೆರಳಿದರೆ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬುತ್ತದೆ, ಇಳಿತ ಹೆಚ್ಚುತ್ತದೆ. 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಎಣಿಸಿದ್ದಕ್ಕಿಂತ ಬೇಗ ಬಿದ್ದದ್ದು ಹೀಗೆಯೇ.

ಕೆಲವು ವಾರಗಳ ನಂತರ ನಿಜವಾದ ಜಿಗಿತ ಬಂತು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಂಕಿ ನೋಡಿ ಕೇಳಿದಳು: "ಸರ್, ಎಂಜಿನ್ ಮುಂದಕ್ಕ ದೂಡಿದ್ರ ಜೋರ್ ಓಡ್ಬೇಕಲ್ರೀ, ದಿನದ ಸುತ್ತು ಯಾಕ ಕಡಿಮಿ ಆಗ್ಯಾವ?"

ಇಡೀ ಪಾಠಕ್ಕೆ ಈ ಒಂದು ಪ್ರಶ್ನೆ ಸಾಕು. ದೂಡಿದಾಗ ಸಿಕ್ಕ ವೇಗ ಮೇಲೇರುವುದರಲ್ಲೇ ಖರ್ಚಾಗುತ್ತದೆ. ಮೇಲೆ ಗುರುತ್ವ ಕಡಿಮೆ, ದಾರಿ ಉದ್ದ. ಅಲ್ಲಿ ನಿಲ್ಲಲು ಮೊದಲಿಗಿಂತ ಕಡಿಮೆ ವೇಗ ಸಾಕು. ಸುತ್ತು ಕಡಿಮೆಯಾಯಿತೆಂದರೆ ನಿಲ್ದಾಣ ಏರಿತೆಂದೇ ಅರ್ಥ.

ಹೀಗೆ ಮೇಲೆತ್ತುವ ಕೆಲಸವನ್ನು ಹೆಚ್ಚಾಗಿ ಮಾಡುವುದು ರಷ್ಯಾದ ಪ್ರೋಗ್ರೆಸ್ ಸರಕು ನೌಕೆ, ನಿಲ್ದಾಣದ ಜ್ವೆಜ್ದಾ ಘಟಕದ ಹಿಂಬದಿಗೆ ಜೋಡಿಕೊಂಡು. ಅದರ ಇಂಧನ ಮತ್ತು ಅದನ್ನು ಉರಿಸುವ ಆಕ್ಸಿಡೈಸರ್ ಪರಸ್ಪರ ತಾಗಿದರೆ ಸಾಕು, ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತವೆ. ಚೀನಾದ ಬಾಹ್ಯಾಕಾಶ ನಿಲ್ದಾಣ ತಿಯಾನ್‌ಗಾಂಗ್‌ನಲ್ಲಿ ವಿದ್ಯುತ್ತಿನಿಂದ ನಡೆಯುವ ಹಾಲ್ ಥ್ರಸ್ಟರ್ ಎಂಬ ಎಂಜಿನ್‌ಗಳೂ ಇವೆ.

2 ಕಿ.ಮೀ. ಏರಲು ಸೆಕೆಂಡಿಗೆ ಸುಮಾರು 1.1 ಮೀಟರ್ ವೇಗ ಕೂಡಿಸಬೇಕು. 420 ಟನ್ ನಿಲ್ದಾಣಕ್ಕೆ ಎಷ್ಟು ಇಂಧನ ಬೇಕೆಂದು ಅದೇ ಹುಡುಗಿ ಹಲಗೆಯ ಮೇಲೆ ಲೆಕ್ಕ ಹಾಕಿದಳು. 160 ಕೆ.ಜಿ. ಬಂತು. ಕೆಳಗೆ ಅವಳೇ ಬರೆದಳು: ಒಂದೂವರೆ ಕ್ವಿಂಟಲ್ ತೊಗರಿ, ಮ್ಯಾಲ 10 ಕೆ.ಜಿ.