ಪುಟ್ಟ ಮಗು ಕಟ್ಟಿಕೊಂಡು ಮಲೆನಾಡಿನ ಅಜ್ಜಿಮನೆಗೆ

ದಸರಾ ರಜೆಗೆ ಊರಿಗೆ ಹೊರಡುವ ಮನೆಯಲ್ಲಿ ಒಂದೂವರೆ, ಎರಡು ವರ್ಷದ ಮಗುವಿದ್ದರೆ ಹೆತ್ತವರ ತಲೆಬಿಸಿಯೆಲ್ಲ ದಾರಿಯದ್ದೇ. ಅಳುತ್ತದಾ, ವಾಂತಿ ಮಾಡುತ್ತದಾ, ನಿದ್ದೆ ಬರುತ್ತದಾ ಎಂಬ ಚಿಂತೆ. ದಾರಿ ಹೇಗೋ ಸಾಗುತ್ತದೆ. ಅದಕ್ಕಿಂತ ಹೆಚ್ಚು ಕಣ್ಣಿಡಬೇಕಾದ್ದು ತಲುಪಿದ ಮೇಲೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿನಲ್ಲಿ ಮನೆಯಂಗಳವೇ ಒಂದು ಕಾರ್ಖಾನೆ. ಆದ್ದರಿಂದ ದಾರಿಯ ವಿಷಯ ಬೇಗ ಮುಗಿಸಿ ಅಂಗಳಕ್ಕೆ ಬರೋಣ.

ಹೊರಡುವ ಹೊತ್ತು

ಮಗುವಿನ ನಿದ್ದೆ ನೋಡಿ ಗಂಟೆ ಗೊತ್ತು ಮಾಡಿ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ., ಅಲ್ಲಿಂದ ತೀರ್ಥಹಳ್ಳಿಗೆ ಮತ್ತೆ 60 ಕಿ.ಮೀ. ಚಿಲ್ಲರೆ. ಇಷ್ಟನ್ನೂ ಒಂದೇ ಏಟಿಗೆ ಕಾರಿನಲ್ಲಿ ಮುಗಿಸುವ ಹಟ ಬೇಡ. ನನ್ನ ಮತ ರೈಲಿಗೆ. ಮಗು ಓಡಾಡಬಹುದು, ಶೌಚಾಲಯ ಇರುತ್ತದೆ, ಐದು ವರ್ಷದೊಳಗಿನವರಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ಟೂ ಬೇಡ. ರಾತ್ರಿ ರೈಲಾದರೆ ಕೆಳಗಿನ ಬರ್ತ್ ಹಿಡಿದು ಮಗುವನ್ನು ಗೋಡೆಯ ಕಡೆ ಮಲಗಿಸಿ. ಹಳಿ ಸಾಗರ, ತಾಳಗುಪ್ಪದವರೆಗೂ ಇದೆ. ತೀರ್ಥಹಳ್ಳಿ ಕಡೆಯವರು ಮಾತ್ರ ಶಿವಮೊಗ್ಗದಲ್ಲಿಳಿದು ರಸ್ತೆ ಹಿಡಿಯಬೇಕು.

ಕಾರಾದರೆ ಮಗುವಿನ ಸೀಟು ಹಿಂದುಗಡೆ ಇರಲಿ. ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡವೇ ಬೇಡ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮೊದಲ ಪೆಟ್ಟು ಮಗುವಿಗೆ. 2019ರ ತಿದ್ದುಪಡಿಯ ಪ್ರಕಾರ ಹದಿನಾಲ್ಕು ವರ್ಷದೊಳಗಿನವರಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ.

ಘಾಟಿ

ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಅಪರೂಪ. ಕಾಟ ಶುರುವಾಗುವುದು ಅದರಾಚೆಗೆ. ಒಳಕಿವಿ 'ತಿರುಗುತ್ತಿದ್ದೇವೆ' ಎನ್ನುತ್ತದೆ, ಮೊಬೈಲಿಗೆ ಅಂಟಿದ ಕಣ್ಣು 'ಇಲ್ಲ' ಎನ್ನುತ್ತದೆ. ಆ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಹಾಗಾಗಿ ತಿರುವಿನ ರಸ್ತೆಯಲ್ಲಿ ಮೊಬೈಲ್ ಒಳಗಿಡಿ, ಕಿಟಕಿ ಇಳಿಸಿ, ದೂರದ ಗುಡ್ಡ ತೋರಿಸಿ. ಹೊರಡುವ ಮುಂಚೆ ಹೊಟ್ಟೆ ಬಿರಿಯುವಷ್ಟು ಹಾಲು ಕುಡಿಸದೆ ಒಂದು ಇಡ್ಲಿ, ಅರ್ಧ ಬಾಳೆಹಣ್ಣು ಕೊಟ್ಟರೆ ಸಾಕು.

ದೊಡ್ಡವರು ನುಂಗುವ ವಾಂತಿ ಮಾತ್ರೆಯಲ್ಲಿ ಕಾಲು ಭಾಗ ಮುರಿದು ಮಗುವಿಗೆ ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಅದನ್ನು ನಿಲ್ಲಿಸಿ. ಪ್ರೊಮೆಥಜಿನ್ ಇರುವ ಮಾತ್ರೆಯಿಂದ ಎರಡು ವರ್ಷದೊಳಗಿನವರಿಗೆ ಉಸಿರಾಟವೇ ಕುಂದುವ ಅಪಾಯವಿದೆ. ಮಕ್ಕಳ ಡಾಕ್ಟರು ಬರೆದುಕೊಟ್ಟದ್ದನ್ನು ಬಿಟ್ಟು ಬೇರೇನೂ ಬೇಡ.

ಆಗುಂಬೆ ದಾಟಿ ಸೋಮೇಶ್ವರಕ್ಕೆ ಇಳಿಯುವವರಿಗೆ 14 ಹೇರ್‌ಪಿನ್ ತಿರುವುಗಳಿವೆ, ನಡುವೆ ಬೇಕಾದಲ್ಲಿ ನಿಲ್ಲಿಸಲು ಜಾಗವಿಲ್ಲ. ಊರಲ್ಲೇ ನಿಲ್ಲಿಸಿ, ಡೈಪರ್ ಬದಲಿಸಿ, ಮಗುವನ್ನು ಸ್ವಲ್ಪ ನಡೆದಾಡಿಸಿ, ಆಮೇಲೆ ಇಳಿಯಿರಿ. ಇಳಿಯುವಾಗ ಒಂದೊಂದು ಗುಟುಕು ನೀರು ಕೊಡುತ್ತಿದ್ದರೆ ಕಿವಿ ಕಟ್ಟುವುದಿಲ್ಲ. ಸೂರ್ಯಾಸ್ತದ ಕಟ್ಟೆಯ ಬಳಿ ಮಗುವಿನ ಕೈಗೆ ಬಿಸ್ಕತ್ತು ಕೊಡಬೇಡಿ, ಮಂಗಗಳಿಗೆ ನಾಚಿಕೆ ಇಲ್ಲ.

ಮನೆ ಹೊಕ್ಕ ಮೊದಲ ಅರ್ಧ ಗಂಟೆ

ಕಾಫಿ ಆಮೇಲೆ. ಇಬ್ಬರಲ್ಲೊಬ್ಬರು ಮಗುವನ್ನು ಸೊಂಟಕ್ಕೇರಿಸಿಕೊಂಡು ಜಗುಲಿಯಿಂದ ಕೊಟ್ಟಿಗೆವರೆಗೆ ಒಂದು ಸುತ್ತು ಹೊಡೆಯಿರಿ.

ಮೊದಲು ಜಗುಲಿಯ ಎಲೆ-ಅಡಿಕೆ ತಟ್ಟೆ. ಅದು ಮಗುವಿನ ಕೈಗೆ ಸರಿಯಾಗಿ ಎಟುಕುವ ಎತ್ತರದಲ್ಲೇ ಇರುತ್ತದೆ. ಅಡಿಕೆ ಚೂರು ಈ ವಯಸ್ಸಿನವರ ಶ್ವಾಸನಾಳಕ್ಕೆ ಅಡ್ಡ ಕೂರುವಷ್ಟೇ ದೊಡ್ಡದು, ನೆಲಗಡಲೆಯೂ ಅಷ್ಟೇ. ತಟ್ಟೆಯನ್ನು ಮೇಲಿಡಬೇಕು ಎನ್ನುವ ಮಾತನ್ನು ಸೊಸೆಯಿಂದ ಹೇಳಿಸಬೇಡಿ. "ಅಮ್ಮ, ಇವನು ಹೋಗೋ ತನಕ ಇದು ಗೂಡಲ್ಲಿರ್ಲಿ" ಎಂದು ಮಗನೇ ತಾಯಿಗೆ ಹೇಳಿದರೆ ಯಾರಿಗೂ ಬೇಜಾರಿಲ್ಲ.

ಒಂದು ವೇಳೆ ಸಿಕ್ಕಿಹಾಕಿಕೊಂಡು ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಗುದ್ದಿ. ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಹೊರಬರುವವರೆಗೆ ಇವೆರಡನ್ನೂ ಒಂದಾದಮೇಲೊಂದು ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಇದು ಒಂದು ವರ್ಷ ತುಂಬಿದ ಮಕ್ಕಳಿಗೆ. ಕಾಣದಿರುವಾಗ ಬಾಯಿಗೆ ಬೆರಳು ಹಾಕಿ ತಡಕಿದರೆ ಚೂರು ಇನ್ನೂ ಒಳಕ್ಕೆ ಹೋಗುತ್ತದೆ.

ಅಂಗಳದಲ್ಲಿ ಮೂರು ಕಡೆ ನೋಡಿ. ಅಡಿಕೆ ಸುಲಿಯುವ ಮೆಟ್ಟುಗತ್ತಿ: ಸುಲಿಯುವವರು ಎದ್ದುಹೋದಾಗ ಅಲುಗು ಹಾಗೇ ನಿಂತಿರುತ್ತದೆ, ಗೋಣಿ ಮುಚ್ಚಿದರೆ ಸಾಲದು, ಎತ್ತಿಡಿಸಿ. ಅಡಿಕೆ ಬೇಯುವ ಹಂಡೆ: ಒಲೆ ಆರಿದ ಮೇಲೂ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಬಹಳ ಹೊತ್ತು ಸುಡುತ್ತದೆ. ಸುಟ್ಟರೆ ಹಿಟ್ಟು, ಇಂಕು, ಟೂತ್‌ಪೇಸ್ಟ್ ಏನೂ ಬಳಿಯದೆ 20 ನಿಮಿಷ ತಣ್ಣೀರು ಹರಿಸಿ. ಮೂರನೆಯದು ತೋಟಕ್ಕೆ ಹೊಡೆಯುವ ಔಷಧಿ ಇಡುವ ಮೂಲೆ. ಅಡಿಕೆಯ ಕೊಳೆರೋಗಕ್ಕೆ ಹೊಡೆದುಳಿದ ಬೋರ್ಡೋ ದ್ರಾವಣದ ಸಾಮಾನಿನಲ್ಲಿ ಮೈಲುತುತ್ತದ ಹರಳು ಇರುತ್ತದೆ. ನೀಲಿ ಬಣ್ಣಕ್ಕೆ ಕಲ್ಲುಸಕ್ಕರೆಯಂತೆ ಮಿನುಗುವ ಅದನ್ನು ಯಾವ ಮಗು ಬಿಟ್ಟೀತು? ಅದು ವಿಷ. ಜೊತೆಗಿರುವ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬೀಗ ಹಾಕುವ ಕೋಣೆಗೆ ಸಾಗಿಸಿ.

ಬಾವಿಯ ಬಗ್ಗೆ ಎಲ್ಲರಿಗೂ ಎಚ್ಚರವಿದೆ, ಬಚ್ಚಲಿನ ಬಕೆಟಿನ ಬಗ್ಗೆ ಇಲ್ಲ. ಎರಡಿಂಚು ನೀರಿನಲ್ಲಿ ಮುಖ ಕೆಳಗಾಗಿ ಬಿದ್ದರೂ ಈ ವಯಸ್ಸಿನ ಮಗು ಏಳಲಾರದು. ಬಳಸಿದ ಕೂಡಲೇ ಬೋರಲು ಹಾಕಿ. ತೋಟದಾಚೆಯ ಕೃಷಿಹೊಂಡಕ್ಕೆ ಬೇಲಿ ಇಲ್ಲದಿದ್ದರೆ ಆ ದಿಕ್ಕಿನ ದಣಪೆ (ತೋಟದ ಗೇಟು) ಸದಾ ಮುಚ್ಚಿರಲಿ.

ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಮನೆಯವರಿಗೆ ಒಗ್ಗಿದೆ. ಊರು ಬಿಟ್ಟವರ ಮಗುವಿಗೆ ಕುದಿಸಿ ಆರಿಸಿದ್ದೇ ಬೇಕು. ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಲೋಟಕ್ಕೆ ಚಿಟಿಕೆ ಎನ್ನುವ ಲೆಕ್ಕ ಬೇಡ. ಬೆರೆಸಿದ್ದು 24 ಗಂಟೆ ಕಳೆದರೆ ಚೆಲ್ಲಿ. ಊಟಕ್ಕೆ ಮಾತ್ರ ಚಿಂತೆಯಿಲ್ಲ: ಗಂಜಿ, ಕಡುಬು, ಒಂದೆಲಗದ ತಂಬುಳಿ ಕಲಸಿದ ಮೆತ್ತನ್ನ, ಇದಕ್ಕಿಂತ ಒಳ್ಳೆಯ ಮಕ್ಕಳ ಊಟ ಪೇಟೆಯಲ್ಲಿ ಸಿಕ್ಕುವುದಿಲ್ಲ.

ಸುತ್ತಾಟ

ದಿನಕ್ಕೆ ಒಂದೇ ಜಾಗ, ಅದೂ ಬೆಳಿಗ್ಗೆ. ಶಿವಮೊಗ್ಗದಿಂದ 14 ಕಿ.ಮೀ. ದೂರದ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ಪುಟಾಣಿಗಳಿಗೆ ಹೇಳಿ ಮಾಡಿಸಿದ್ದು. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಹಕ್ಕಿಗಳು ರಸ್ತೆ ಬದಿಯಿಂದಲೇ ಕಾಣುತ್ತವೆ, ಮಳೆಗಾಲ ಮುಗಿಯುವ ಹೊತ್ತಿಗೆ ಮರಿಗಳೂ ಇರುತ್ತವೆ. ಜೋಗಕ್ಕೆ ಹೋಗಿ, ಆದರೆ ಮೇಲಿನಿಂದ ನೋಡಿ ಬನ್ನಿ. ಮಗು ಎತ್ತಿಕೊಂಡು ಕೆಳಗಿನ ಮೆಟ್ಟಿಲಿಳಿಯುವ ಸಾಹಸ ಯಾರನ್ನು ಮೆಚ್ಚಿಸಲಿಕ್ಕೆ?

ತೋಟದಿಂದ ಬಂದ ಮೇಲೆ

ಉಂಬಳ (ಜಿಗಣೆ) ಹತ್ತಿದ್ದರೆ ಗಾಬರಿ ಬೇಡ, ಅದರಿಂದ ರೋಗ ಬರುವ ಭಯವಿಲ್ಲ. ಎಳೆಯದೆ, ಕಚ್ಚಿದ ಬಾಯಿಯ ಬಳಿ ಉಗುರು ತೂರಿಸಿ ಜಾರಿಸಿ. ಅದರ ಜೊಲ್ಲಿನಿಂದಾಗಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಶುದ್ಧ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಹೆದರಬೇಕಾದ್ದು ಉಣುಗಿಗೆ, ಅಂದರೆ ಚರ್ಮಕ್ಕೆ ಅಂಟಿ ರಕ್ತ ಹೀರುವ ಉಣ್ಣೆಗೆ. ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ಈ ಶಿವಮೊಗ್ಗ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಮಳೆ ಹೋಗಿ ಕಾಡು ಒಣಗುವ ನವೆಂಬರ್, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ದೀಪಾವಳಿಯ ನಂತರ ಬರುವವರು ಮಗುವನ್ನು ಕಾಡಿನಂಚಿಗೆ, ದರಗು (ಒಣಗಿದ ಎಲೆ) ಗುಡಿಸುವ ಕಡೆಗೆ ಕರೆದೊಯ್ಯದಿರುವುದೇ ಲೇಸು. ಹೋಗಿ ಬಂದಿದ್ದರೆ ಬಟ್ಟೆಯನ್ನು ಹೊರಗೇ ಬಿಚ್ಚಿ, ಹಂಡೆಯ ಬಿಸಿನೀರು ಹೊಯ್ಯುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲಿನ ಬುಡ ನೋಡಿ. ಉಣುಗು ಕಂಡರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎತ್ತಿ, ಕೈಯಲ್ಲಿ ಹಿಸುಕಬೇಡಿ.

ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಕಾಣಿಸಿಕೊಳ್ಳುವುದರಿಂದ ಅಷ್ಟರಲ್ಲಿ ನೀವು ಬೆಂಗಳೂರಿಗೆ ಮರಳಿರುತ್ತೀರಿ. ಅಲ್ಲಿಯ ಡಾಕ್ಟರಿಗೆ ಮಗು ಮಲೆನಾಡಿನ ತೋಟ, ಕಾಡಿನಲ್ಲಿ ಓಡಾಡಿತ್ತು ಎಂಬುದು ನೀವಾಗಿ ಹೇಳದೆ ಗೊತ್ತಾಗುವುದಿಲ್ಲ. ಹೋಗಿದ್ದ ಊರು, ತಾರೀಕು ಎರಡನ್ನೂ ಹೇಳಿ.