ಗೋಡೆ ಕೆಡದಂತೆ ಮನಿ ಪ್ಲಾಂಟ್ ಹಬ್ಬಿಸುವುದು ಹೇಗೆ?

ಹಿಂದಿನ ಬಾಡಿಗೆ ಮನೆ ಖಾಲಿ ಮಾಡುವ ದಿನ ನಡುಮನೆಯ ಗೋಡೆಯಿಂದ ಮನಿ ಪ್ಲಾಂಟ್ ಬಿಡಿಸಿದೆ. ಬಳ್ಳಿಯೇನೋ ಬಂತು, ಜೊತೆಗೆ ಅಂಗೈಯಗಲದ ಬಣ್ಣದ ಹಕ್ಕಳೆಗಳೂ ಬಂದವು. ಬೇರು ಮಾತ್ರ ಬರಲಿಲ್ಲ. ಕಿಟಕಿಯಿಂದ ಷೋಕೇಸಿನವರೆಗೆ ಜರಿಹುಳುಗಳು ಸಾಲಾಗಿ ಸತ್ತು ಅಂಟಿಕೊಂಡಂತೆ ಕಂದು ಗುರುತುಗಳು. ಮಾಲೀಕರು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ನೋಡಿದರು. ಪೇಂಟಿಂಗ್ ಹೆಸರಿನಲ್ಲಿ ಹೇಗೂ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವವರು, ಪುಟ್ಟಿಯ ಖರ್ಚನ್ನೂ ಮುಂಗಡದಲ್ಲಿ ಕಳೆದರು. ಅವರನ್ನು ದೂರುವಂತಿರಲಿಲ್ಲ. ಬಳ್ಳಿಗೆ ಗೋಡೆಯನ್ನೇ ಮರವೆಂದು ತೋರಿಸಿದವನು ನಾನು.

ಈಗಿನ ಮನೆಯಲ್ಲಿ ಮತ್ತೆ ಹನ್ನೆರಡು ಅಡಿ ಹಬ್ಬಿಸಿದ್ದೇನೆ. ಗೋಡೆಗೆ ಒಂದು ಬೇರೂ ಕಚ್ಚಿಲ್ಲ.

ಬಳ್ಳಿ ಹಿಡಿಯುವ ಬಗೆ

ಹಾಗಲ, ತೊಂಡೆಗಳು ಸಣ್ಣ ಎಳೆ ಚಾಚಿ ಸಿಕ್ಕಿದ್ದನ್ನು ಸುತ್ತಿ ಹಿಡಿಯುತ್ತವೆ. ಶಂಖಪುಷ್ಪದ ಕಾಂಡವೇ ಕೋಲನ್ನು ಸುತ್ತುತ್ತದೆ. ಮನಿ ಪ್ಲಾಂಟ್ ಇವೆರಡನ್ನೂ ಮಾಡುವುದಿಲ್ಲ. ಕಾಳುಮೆಣಸು, ವೀಳ್ಯದೆಲೆಗಳಂತೆ ಅದರ ಪ್ರತಿ ಗೆಣ್ಣಿನಲ್ಲೂ ಮೊಂಡು ಬೇರು ಹೊರಡುತ್ತದೆ. ಒರಟಾದ, ತುಸು ತೇವವಿರುವ ಮೈ ಸಿಕ್ಕರೆ ಅಲ್ಲಿಗೇ ಕಚ್ಚುತ್ತದೆ. ಏನೂ ಸಿಗದಿದ್ದರೆ ಕಾಲು ಅಂಗುಲದಷ್ಟು ಬೆಳೆದು ಒಣಗಿ ನಿಲ್ಲುತ್ತದೆ. ಉಪಾಯವೆಲ್ಲ ಇಷ್ಟರಲ್ಲೇ ಇದೆ: ಗೋಡೆಗೂ ಬಳ್ಳಿಗೂ ನಡುವೆ ಒಂದು ಬೆರಳು ಗಾಳಿ ಆಡಬೇಕು.

ಈ ಗಿಡದ ಮೂಲ ಪೆಸಿಫಿಕ್ ಸಾಗರದಲ್ಲಿ ತಾಹಿಟಿಯ ಪಕ್ಕದ ಮೊರೆಯಾ ದ್ವೀಪ. ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದೇ. ಮರ ಹತ್ತಿದಾಗ ಇದರ ಎಲೆ ಮೊರದಗಲವಾಗಿ ಅಂಚು ಸೀಳುತ್ತದೆ, ಕೆಳಗೆ ಇಳಿಬಿಟ್ಟರೆ ಎಲೆ ಕಿರಿದಾಗುತ್ತ ಹೋಗುತ್ತದೆ. ಬಳ್ಳಿ ಕೆಳಮುಖವಾದರೆ ಲಕ್ಷ್ಮಿ ಇಳಿದುಹೋಗುತ್ತಾಳೆ ಎಂದು ವಾಸ್ತು ಹೇಳುವವರು ಹೆದರಿಸುತ್ತಾರಲ್ಲ, ಲಕ್ಷ್ಮಿಯ ಸಂಗತಿ ಅವರಿಗೇ ಬಿಟ್ಟದ್ದು. ಎಲೆಯ ಮಟ್ಟಿಗೆ ಮಾತು ಸರಿ.

ದಾರಿ ಗುರುತು ಮಾಡಿ

ಮೊಳೆ ಹೊಡೆಯುವ ಮೊದಲು ಒಂದು ದಿನ ಬೆಳಕನ್ನು ಗಮನಿಸಿ. ಕುಂಡ ಕಿಟಕಿಯ ಪಕ್ಕದಲ್ಲಿರಲಿ. ಬಳ್ಳಿ ಹಬ್ಬಿಸಲು ಕಿಟಕಿಗೆ ತಾಗಿದ ಪಕ್ಕದ ಗೋಡೆ ಒಳ್ಳೆಯದು. ಮಧ್ಯಾಹ್ನವೂ ಲೈಟ್ ಹಾಕದೆ ಪತ್ರಿಕೆ ಓದಲಾಗದ ಮೂಲೆಗೆ ಬಳ್ಳಿಯನ್ನು ಒಯ್ಯಬೇಡಿ. ಅಲ್ಲಿ ಅದು ಸಾಯುವುದಿಲ್ಲ ನಿಜ, ಆದರೆ ಗೆಣ್ಣಿಂದ ಗೆಣ್ಣಿಗೆ ಗೇಣುದ್ದ ಬರಿಯ ಕಾಂಡ, ತುದಿಯಲ್ಲೊಂದು ಬಡಕಲು ಎಲೆ.

ಸೀಸದ ಕಡ್ಡಿಯಿಂದ ಗೋಡೆಯ ಮೇಲೆ ತೆಳುವಾಗಿ ಗೆರೆ ಎಳೆದುಕೊಳ್ಳಿ. ಮೂರು ನಾಲ್ಕು ಅಡಿ ಮೇಲಕ್ಕೆ ಹೋಗಿ ನಿಧಾನವಾಗಿ ಬಾಗಿ ಅಡ್ಡಕ್ಕೆ ತಿರುಗುವ ಗೆರೆ ಚೆನ್ನ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಮೊಳೆ ಹೊಡೆಯಲೇಬೇಡಿ. ಗೋಡೆಯೊಳಗಿನ ವೈರು ಸಾಮಾನ್ಯವಾಗಿ ಹಾಯುವುದು ಅದೇ ದಾರಿಯಲ್ಲಿ.

ಆಧಾರ

ಅಂಗೈಯಿಂದ ಗೋಡೆಯನ್ನು ಒಮ್ಮೆ ಉಜ್ಜಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಅಗ್ಗದ ಡಿಸ್ಟೆಂಪರ್. ಅಂಥ ಗೋಡೆಯಲ್ಲಿ ಅಂಟಿನ ಕ್ಲಿಪ್ ಎರಡು ದಿನ ನಿಲ್ಲುವುದಿಲ್ಲ, ಬೀಳುವಾಗ ಪದರವನ್ನೂ ಕಿತ್ತುಕೊಂಡು ಬೀಳುತ್ತದೆ. ಎಮಲ್ಷನ್ ಬಣ್ಣದ ನುಣುಪು ಗೋಡೆಯಾದರೆ ಅಂಟಿನ ಕ್ಲಿಪ್ ಸಾಕು. ಗೋಡೆಯನ್ನು ಒಣಬಟ್ಟೆಯಿಂದ ಒರೆಸಿ, ಕ್ಲಿಪ್ಪನ್ನು ಒತ್ತಿ ಅಂಟಿಸಿ, ಒಂದು ದಿನ ಭಾರ ಹಾಕದೆ ಬಿಡಿ.

ನನಗೆ ಹಿಡಿಸಿದ ದಾರಿ ಇನ್ನೊಂದು. ಪರದೆಯ ಸರಳಿನ ಕೊಂಡಿ, ಹಳೆಯ ಕ್ಯಾಲೆಂಡರ್ ಮೊಳೆ ಹೀಗೆ ಎಲ್ಲರ ಮನೆಯಲ್ಲೂ ಒಂದೆರಡು ಹಿಡಿಕೆಗಳು ಇದ್ದೇ ಇರುತ್ತವೆ. ಅವುಗಳ ನಡುವೆ ಮೀನು ಹಿಡಿಯುವ ನೈಲಾನ್ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಎರಡು ಹೆಜ್ಜೆ ಹಿಂದೆ ಸರಿದರೆ ದಾರ ಕಾಣುವುದೇ ಇಲ್ಲ. ಬೇಕಾಗಿದ್ದ ಬೆರಳಗಲದ ಸಂದು ತಾನಾಗಿ ಸಿಕ್ಕಿತು.

ಕಟ್ಟುವುದು

ಇಲ್ಲಿ ಆತುರ ಬೇಡ. ಹಳೆಯ ಹತ್ತಿ ಸೀರೆಯ ಅಂಚನ್ನು ಅರ್ಧ ಅಂಗುಲದ ಪಟ್ಟಿಗಳಾಗಿ ಹರಿದುಕೊಳ್ಳಿ. ಮಲೆನಾಡಿನಲ್ಲಿ ಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಒಣಗಿದ ಬಾಳೆಪಟ್ಟೆಯ ನಾರಿನಿಂದ ಕಟ್ಟುತ್ತಾರೆ. ಕಾಂಡ ಕೊಯ್ಯದಿರಲಿ ಎಂಬುದೇ ಅಲ್ಲಿನ ಲೆಕ್ಕ. ತಂತಿ, ಪ್ಲಾಸ್ಟಿಕ್ ಟ್ಯಾಗ್ ಬಳಸಿದರೆ ಕಾಂಡ ದಪ್ಪವಾದಂತೆ ಅದರೊಳಗೆ ಇಳಿಯುತ್ತವೆ.

ಪಟ್ಟಿಯನ್ನು ಮೊದಲು ದಾರಕ್ಕೆ ಸುತ್ತಿ, ನಡುವೆ ಒಮ್ಮೆ ಅಡ್ಡಹಾಯಿಸಿ, ಆಮೇಲೆ ಕಾಂಡವನ್ನು ಬಳಸಿ ಗಂಟು ಹಾಕಿ. ಪಕ್ಕದಿಂದ ನೋಡಿದರೆ ಇಂಗ್ಲಿಷ್ ಎಂಟರ ಆಕಾರ ಕಾಣಬೇಕು. ಕುಣಿಕೆಯೊಳಗೆ ಕಿರುಬೆರಳಿನ ತುದಿ ತೂರುವಷ್ಟು ಸಡಿಲವಿರಲಿ. ಗಂಟು ಗೆಣ್ಣಿನ ಮೇಲೆ ಬರಬಾರದು, ಅದರ ಸ್ವಲ್ಪ ಕೆಳಗೆ ಬರಲಿ. ಹೊಸ ಚಿಗುರು ಒಡೆಯುವುದು ಗೆಣ್ಣಿನಿಂದಲೇ. ಮುಕ್ಕಾಲು ಅಡಿಗೊಂದು ಕಟ್ಟು ಸಾಕು. ತುದಿಯ ಅರ್ಧ ಅಡಿಯನ್ನು ಹಾಗೆಯೇ ಬಿಡಿ. ಸುರುಳಿ ಬಿಚ್ಚದ ಎಲೆ ಇರುವ ಆ ಕುಡಿ ಉಗುರು ತಾಗಿದರೂ ಮುರಿಯುತ್ತದೆ. ಮುರಿದರೆ ಹಿಂದಿನ ಗೆಣ್ಣಿನಿಂದ ಕವಲು ಬರುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು.

ಹಳೆಯ ಕಾಂಡವನ್ನು ಬಾಗಿಸುವುದಿದ್ದರೆ ಬೆಳಿಗ್ಗೆ ನೀರು ಹಾಕಬೇಡಿ. ನೀರು ತುಂಬಿದ ಕಾಂಡ ಬೆಂಡೆಕಾಯಿಯ ತುದಿಯಂತೆ ಚಟ್ಟನೆ ಮುರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ತುಸು ಬಾಡಿದಾಗ ಮೆತ್ತಗಾಗಿರುತ್ತದೆ. ಆಗಲೂ ಒಂದೇ ದಿನ ಪೂರ್ತಿ ತಿರುಗಿಸದೆ ಮೂರು ನಾಲ್ಕು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬಾಗಿಸಿ. ಕಟ್ಟಿದ ಮರುದಿನ ಎಲೆಗಳು ಬೆನ್ನು ತೋರಿಸಿ ನಿಂತಿದ್ದರೆ ಗಾಬರಿಯಾಗಬೇಡಿ. ಕೆಲವೇ ದಿನಗಳಲ್ಲಿ ತೊಟ್ಟು ತಿರುಚಿಕೊಂಡು ಬೆಳಕಿಗೆ ಮುಖ ಮಾಡುತ್ತವೆ.

ಆಮೇಲಿನ ಆರೈಕೆ

ವಾರಕ್ಕೊಮ್ಮೆ ಐದು ನಿಮಿಷ ಸಾಕು. ತುದಿ ಗೋಡೆಯ ಕಡೆ ವಾಲಿದ್ದರೆ ಈಚೆ ಎಳೆದು ಕಟ್ಟಿ. ಬೇರು ಕಚ್ಚುವ ಮೊದಲೇ ಹಿಡಿದರೆ ಗುರುತು ಉಳಿಯುವುದಿಲ್ಲ. ಫ್ಯಾನಿನ ದೂಳು ಎಲೆಯ ಮೇಲೆ ಕೂರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಮೇಲ್ಮಣ್ಣಿಗೆ ಬೆರಳು ಚುಚ್ಚಿ ಒಂದಂಗುಲ ಒಣಗಿದ್ದರೆ ಮಾತ್ರ ನೀರು. ಬಾಟಲಿಯ ನೀರಿನಲ್ಲೇ ಬೆಳೆಸುವವರು ವಾರಕ್ಕೊಮ್ಮೆ ನೀರು ಬದಲಿಸದಿದ್ದರೆ ಡೆಂಗಿ ಸೊಳ್ಳೆಗೆ ಮನೆಯೊಳಗೇ ತೊಟ್ಟಿಲು ಕಟ್ಟಿದಂತೆ. ತೆವಳುವ ಮಕ್ಕಳು, ಬೆಕ್ಕು, ನಾಯಿ ಇದ್ದರೆ ಕೆಳಗಿನ ಎಲೆಗಳನ್ನು ತೆಗೆದು ಕುಂಡವನ್ನು ಎತ್ತರದಲ್ಲಿಡಿ. ಹಸಿ ಕೆಸುವಿನಂತೆ ಇದೂ ಬಾಯಿ ತುರಿಸುತ್ತದೆ.

ಒಂದೆರಡು ವರ್ಷವಾದ ಮೇಲೆ ಕುಂಡದ ಹತ್ತಿರದ ಎಲೆಗಳು ಉದುರಿ ಬುಡ ಬೋಳಾಗುತ್ತದೆ. ಆಗ ವೀಳ್ಯದೆಲೆ ತೋಟದವರಂತೆ ಬಳ್ಳಿ ಇಳಿಸಿ. ಕಟ್ಟು ಬಿಚ್ಚಿ ಬಳ್ಳಿಯನ್ನು ಕೆಳಗೆ ತಂದು, ಬೋಳು ಭಾಗವನ್ನು ಕುಂಡದಲ್ಲೇ ಸುರುಳಿ ಸುತ್ತಿ, ಗೆಣ್ಣುಗಳು ಮುಚ್ಚುವಂತೆ ಮಣ್ಣು ಗೊಬ್ಬರ ಹಾಕಿ. ಗೆಣ್ಣುಗಳು ಬೇರು ಬಿಟ್ಟು ಹೊಸ ಚಿಗುರು ಕೊಡುತ್ತವೆ. ಮಳೆಗಾಲ ಇದಕ್ಕೆ ಸರಿಯಾದ ಹೊತ್ತು.

ಕಳೆದ ಬಾರಿ ಇಳಿಸುವಾಗ ಕತ್ತರಿಸಿದ ಆರು ತುಂಡುಗಳು ಉಳಿದಿದ್ದವು. ಪಕ್ಕದ ಮನೆಯವರಿಗೆ ಕೊಡಲು ಹೋದರೆ, “ಮನಿ ಪ್ಲಾಂಟ್ ಕೊಟ್ಟರೆ ಬೆಳೆಯುವುದಿಲ್ಲ, ಕದ್ದರೇ ಬೆಳೆಯುವುದು” ಎಂದು ನಕ್ಕು ಬಾಗಿಲು ಹಾಕಿಕೊಂಡರು. ತುಂಡುಗಳನ್ನು ಮೆಟ್ಟಿಲ ಬಳಿ ಬಾಟಲಿಯಲ್ಲಿಟ್ಟು ಬಂದೆ. ಬೆಳಿಗ್ಗೆ ನೋಡಿದಾಗ ನಾಲ್ಕಿದ್ದವು.