ಲಕ್ವದ ನಂತರ ಮರೆವು, ಮಂಕು: ಮುಂದೇನೆಂದು ಅಂದಾಜು ಮಾಡುವುದು ಹೇಗೆ?

ಲಕ್ವ ಹೊಡೆದ ಮೂರನೇ ದಿನವೇ ‘ಇವರ ಬುದ್ಧಿ ಮೊದಲಿನ ಹಾಗಾಗುತ್ತಾ ಡಾಕ್ಟ್ರೇ?’ ಎಂದು ಕೇಳಿದರೆ ಯಾವ ನರರೋಗ ತಜ್ಞರೂ ಖಚಿತವಾಗಿ ಹೇಳಲಾರರು. ಮೂರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಹೇಳಬಲ್ಲರು, ಅದೂ ಮನೆಯವರು ಬರೆದಿಟ್ಟದ್ದು ಕೈಗೆ ಸಿಕ್ಕರೆ.

ಹಳೆಯ ಸ್ಥಿತಿ ಬರೆದಿಡಿ

ನೋಟ್‌ಬುಕ್ಕಿನ ಮೊದಲ ಪುಟ ಲಕ್ವಕ್ಕೆ ಮುಂಚಿನದು. ಬ್ಯಾಂಕಿನ ವ್ಯವಹಾರ ತಾವೇ ನೋಡುತ್ತಿದ್ದರೇ? ಮಾತ್ರೆ ತಾವೇ ತೆಗೆದುಕೊಳ್ಳುತ್ತಿದ್ದರೇ? ಮರೆವು ಆಗಲೇ ಶುರುವಾಗಿತ್ತೇ? ಎಷ್ಟು ಓದಿದ್ದಾರೆ, ಹಿಂದೆ ಖಿನ್ನತೆ ಬಂದಿತ್ತೇ, ಸಕ್ಕರೆ ಕಾಯಿಲೆ ಇದೆಯೇ, ಇದು ಎರಡನೇ ಲಕ್ವವೇ? ಭವಿಷ್ಯ ಅಂದಾಜು ಮಾಡುವಾಗ ಇವಕ್ಕೆ ಸ್ಕ್ಯಾನಿನಷ್ಟೇ ತೂಕ. ಡಿಸ್ಚಾರ್ಜ್ ಕಾಗದದಲ್ಲಿ ಎನ್‌ಐಎಚ್‌ಎಸ್‌ಎಸ್ ಅಂಕ (0ರಿಂದ 42, ಹೆಚ್ಚಿದಷ್ಟೂ ಪೆಟ್ಟು ತೀವ್ರ) ಇದ್ದರೆ ಅದನ್ನೂ ಬರೆದುಕೊಳ್ಳಿ. ಪೆಟ್ಟು ಚಿಕ್ಕದಾದರೂ ಎಡ ಥಲಾಮಸ್‌ನಂಥ (ಮೆದುಳಿನ ಆಳದ ಒಂದು ಭಾಗ) ಜಾಗದಲ್ಲಿದ್ದರೆ ನೆನಪಿಗೆ ದೊಡ್ಡ ಏಟು ಬೀಳಬಹುದು.

ಮೊದಲ ವಾರದ ನೆನಪಿನ ಅಂಕ ನಂಬಬೇಡಿ

ಬೆಳಿಗ್ಗೆ ಚೆನ್ನಾಗಿ ಮಾತಾಡಿದವರು ಸಂಜೆ ಮಗನನ್ನೇ ಗುರುತಿಸದಿದ್ದರೆ ಅದು ಮರೆವಿನ ರೋಗವೆಂದುಕೊಳ್ಳಬೇಡಿ, ಸನ್ನಿ (ದೇಹದ ಬೇರೆ ತೊಂದರೆಯಿಂದ ಏಕಾಏಕಿ ಬರುವ ಗೊಂದಲ) ಇರಬಹುದು. ಮೂತ್ರದ ಸೋಂಕು, ಸೋಡಿಯಂ ಇಳಿತ, ನಿದ್ದೆಗೇಡು, ಮಲಬದ್ಧತೆ ಇದರ ಹಿಂದಿರುತ್ತವೆ. ತಕ್ಷಣ ವೈದ್ಯರಿಗೆ ತಿಳಿಸಿ. ಕಾರಣ ಸರಿಹೋದರೆ ಗೊಂದಲವೂ ಸಾಮಾನ್ಯವಾಗಿ ತಿಳಿಯಾಗುತ್ತದೆ.

ಮೂರು ತಿಂಗಳಿಗೆ ಪರೀಕ್ಷೆ

ಚೇತರಿಕೆಯ ವೇಗ ಹೆಚ್ಚಿರುವುದು ಮೊದಲ ಮೂರು ತಿಂಗಳಲ್ಲೇ. ಆಗ ತರಬೇತಿ ಪಡೆದವರಿಂದ ನೆನಪು, ಗಮನ ಅಳೆಯುವ ‘ಮೊಕಾ’ ಪರೀಕ್ಷೆ ಮಾಡಿಸಿ, ಕನ್ನಡದಲ್ಲೂ ಇದೆ. ಒಟ್ಟು 30 ಅಂಕ, 26 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾಮಾನ್ಯ, ಓದು 12 ವರ್ಷಕ್ಕಿಂತ ಹೆಚ್ಚಿಲ್ಲದವರಿಗೆ ಒಂದು ಅಂಕ ಸೇರಿಸುವುದು ವಾಡಿಕೆ. ಕನ್ನಡಕ, ಶ್ರವಣಯಂತ್ರ ಮರೆಯದೆ ಒಯ್ಯಿರಿ. ಬಲಗೈ ಬಿದ್ದವರಿಗೆ ಪರೀಕ್ಷೆಯಲ್ಲಿ ಕೇಳುವ ಗಡಿಯಾರದ ಚಿತ್ರ ಬರೆಯಲಾಗದು, ಶಾಲೆಯ ಮೆಟ್ಟಿಲು ಹತ್ತದವರಿಗೆ ಪೆನ್ಸಿಲ್ಲೇ ಹೊಸದು; ಅಲ್ಲಿ ಅಂಕ ಮೋಸ ಮಾಡುತ್ತದೆ. ಅಂಥವರಿಗೆ ಮನೆಯ ಪರೀಕ್ಷೆಯೇ ವಾಸಿ: 500 ರೂಪಾಯಿ ಕೊಟ್ಟು ಚಿಲ್ಲರೆ ಲೆಕ್ಕ ಕೇಳಿ, ಮಾತ್ರೆಯ ಡಬ್ಬಿ ಅವರಿಂದಲೇ ತುಂಬಿಸಿ. ವಾರಕ್ಕೊಮ್ಮೆ, ಅದೇ ಕೆಲಸ. ಎಷ್ಟು ಬಾರಿ ಸೂಚನೆ ಕೊಡಬೇಕಾಯಿತು ಎಂದಷ್ಟೇ ಬರೆಯಿರಿ.

ಮನಸ್ಸಿನ ಲೆಕ್ಕ

ಲಕ್ವವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಹಿಂದೆ ಬಂದಿದ್ದವರು, ಸ್ನಾನಕ್ಕೂ ಇನ್ನೊಬ್ಬರನ್ನು ಕಾಯಬೇಕಾದವರು, ಮಾತು ನಿಂತವರು, ಒಂಟಿಯಾಗಿರುವವರಲ್ಲಿ ಸಾಧ್ಯತೆ ಹೆಚ್ಚು. ಖಿನ್ನತೆ ಅಳೆಯುವ ‘ಪಿಎಚ್‌ಕ್ಯು-9’ ಎಂಬ ಪಟ್ಟಿಯಲ್ಲಿ ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆಗಳಿವೆ, ಒಂದೊಂದಕ್ಕೂ 0ರಿಂದ 3. ಮೊತ್ತ 10 ಮುಟ್ಟಿದರೆ ವೈದ್ಯರಿಗೆ ತೋರಿಸಿ. ನಿದ್ದೆ, ಹಸಿವು, ಸುಸ್ತಿನ ಅಂಕ ಲಕ್ವದಿಂದಲೇ ಏರಿರಬಹುದು. ಆದ್ದರಿಂದ ಆಸಕ್ತಿ ಮತ್ತು ಬೇಸರದ ಮೊದಲೆರಡು ಪ್ರಶ್ನೆಗಳಿಗೆ ಹೆಚ್ಚು ಗಮನ ಕೊಡಿ. ಒಂಬತ್ತನೆಯದು ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಏನು ಬಂದರೂ ಅಂದೇ ವೈದ್ಯರನ್ನು ಕಾಣಿ, ಒಬ್ಬರೇ ಇರಲು ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416.

ಎರಡು ಸ್ಥಿತಿಗಳು ಖಿನ್ನತೆಯ ವೇಷದಲ್ಲಿ ಬರುತ್ತವೆ. ದುಃಖವಿಲ್ಲ, ಯಾವುದಕ್ಕೂ ಏಳುವ ಹುಮ್ಮಸ್ಸೂ ಇಲ್ಲ ಎನ್ನುವುದು ನಿರಾಸಕ್ತಿ. ಯಾರೋ ‘ಊಟ ಆಯ್ತಾ?’ ಎಂದರೂ ಗಳಗಳನೆ ಅತ್ತು, ಅರೆಗಳಿಗೆಯಲ್ಲಿ ಸುಮ್ಮನಾಗುವುದು ಭಾವನೆಯ ಹಿಡಿತ ತಪ್ಪಿದ್ದು. ಇವೆರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಮಾತು ಬಾರದವರಿಗೆ ಪ್ರಶ್ನಾವಳಿ ಕೆಲಸಕ್ಕೆ ಬಾರದು. ಮುಖ ತಿರುಗಿಸುವುದು, ವ್ಯಾಯಾಮಕ್ಕೆ ಒಲ್ಲೆನೆನ್ನುವುದು, ಅಳು ಇವನ್ನು ನೋಡಿಕೊಳ್ಳುವವರೇ ದಿನವೂ ಗುರುತಿಸಬೇಕು.

ಖಿನ್ನತೆಯೇ ಗಮನ, ನೆನಪಿನ ಅಂಕವನ್ನು ಇಳಿಸುತ್ತದೆ. ಹಾಗಾಗಿ ಅದಕ್ಕೆ ಚಿಕಿತ್ಸೆ ನಡೆದ ಮೇಲೆ ಮೊಕಾ ಮತ್ತೆ ಮಾಡಿಸದೆ ‘ಇಷ್ಟೇ ಇನ್ನು’ ಎಂದು ತೀರ್ಮಾನಿಸಬಾರದು.

ಖಿನ್ನತೆ ಬರದಿರಲೆಂದು ಎಲ್ಲರಿಗೂ ಮಾತ್ರೆ ಕೊಡುವುದು ತರವಲ್ಲ. ಬ್ರಿಟನ್ನಿನಲ್ಲಿ 3,127 ಜನರ ಮೇಲೆ ನಡೆದ ‘ಫೋಕಸ್’ ಪ್ರಯೋಗದಲ್ಲಿ (2018) ಆರು ತಿಂಗಳು ಫ್ಲುಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಪಡೆದವರಿಗೆ ಖಿನ್ನತೆ ಕಡಿಮೆಯಾಯಿತು, ಮೂಳೆ ಮುರಿತ ಹೆಚ್ಚಾಯಿತು, ದಿನನಿತ್ಯದ ಸಾಮರ್ಥ್ಯ ಸುಧಾರಿಸಲಿಲ್ಲ. ಖಿನ್ನತೆ ಇದ್ದವರಿಗೆ ಬರೆದುಕೊಟ್ಟರೆ, ವಯಸ್ಸಾದವರಲ್ಲಿ ಮೊದಲ ವಾರಗಳಲ್ಲೇ ರಕ್ತದ ಸೋಡಿಯಂ ಇಳಿದಿದೆಯೇ ನೋಡಿಸಿ, ತಾವಾಗಿಯೇ ನಿಲ್ಲಿಸಬೇಡಿ.

ಆರು ತಿಂಗಳು ಮತ್ತು ಒಂದು ವರ್ಷಕ್ಕೆ ಇದೇ ಪರೀಕ್ಷೆಗಳನ್ನು ಮತ್ತೆ ಮಾಡಿಸಿ. ಅಂಕ ನಿಂತಲ್ಲೇ ನಿಂತರೆ ಗಾಬರಿ ಬೇಡ. ಇಳಿಯುತ್ತಾ ಹೋದರೆ ಸದ್ದಿಲ್ಲದ ಇನ್ನೊಂದು ಲಕ್ವ, ಹತೋಟಿ ತಪ್ಪಿದ ಬಿಪಿ, ಬಿ12 ಕೊರತೆ, ಥೈರಾಯ್ಡ್ ಇವನ್ನು ಹುಡುಕಿಸಬೇಕು.